ಮೀಸೆ ಮಾಮನ ಕುರ್ಚಿ

ಕ್ಷೌರದಂಗಡಿಯ ಮಾಮನಿಗೆ ಮೂಗಿನ ತುದಿಯಲ್ಲೇ ಕೋಪ. ಗಿರಾಕಿ ತಲೆ ಅಲ್ಲಾಡಿಸಿದರೆ, "ಕಿವಿ ಬೇಕೋ ಬೇಡವೋ?" ಎಂದು ಗದರುವವನು. ಪಕ್ಕದ ಮನೆಯ, ಆಟಿಸಂ ಇದ್ದ ಪುಟ್ಟಿಯ ಮುಂದೆ ಮಾತ್ರ ಬೆಣ್ಣೆಯಂತೆ ಕರಗುತ್ತಿದ್ದ. ಕತ್ತರಿ ಕಂಡರೆ ಕಿರುಚುತ್ತಿದ್ದ ಅವಳಿಗೆಂದೇ ಅಮ್ಮ ಅವನ ಫೋಟೊ ಅಂಟಿಸಿ ಒಂದು ಕತೆಪುಸ್ತಕ ಮಾಡಿ, ದಿನಾ ಓದಿ ಹೇಳುತ್ತಿದ್ದಳು: "ಇವರು ಮೀಸೆ ಮಾಮ. ಕತ್ತರಿ ಕಚಕಚ ಅನ್ನುತ್ತೆ. ನೋವಾಗಲ್ಲ. ಕೂದಲು ಮತ್ತೆ ಬೆಳೆಯುತ್ತೆ."

ಅಂತೂ ಪುಟ್ಟಿ ಅಮ್ಮನ ಜೊತೆ ಅಂಗಡಿಗೆ ಬಂದಳು. ಬಂದವಳು ಬಾಗಿಲಲ್ಲೇ ನಿಂತು ಪುಸ್ತಕ ನೋಡಿದಳು, ಅವನ ಮುಖ ನೋಡಿದಳು.

"ಮೀಸೆ ಮಾಮ ಎಲ್ಲಿ?"

ಮಾಮನ ಕೈ ತುಟಿಗೆ ಹೋಯಿತು. ಮೀಸೆ ನರೆತಿದೆಯೆಂದು ಹೆಂಡತಿ ನಕ್ಕಿದ್ದಕ್ಕೆ ಬೆಳಿಗ್ಗೆಯಷ್ಟೇ ಸಿಟ್ಟಿನಲ್ಲಿ ಬೋಳಿಸಿಬಿಟ್ಟಿದ್ದ.

"ನಾನೇ ಕಣಮ್ಮ. ಹಾಳು ಕೋಪ, ತೆಗೆದುಬಿಟ್ಟೆ," ಎಂದು ಅವಳೆದುರು ಮಂಡಿಯೂರಿದ.

"ಇನ್ನೊಂದು ದಿನ ಬರ್ತೀವಿ ಬಿಡಿ ಅಣ್ಣ," ಎಂದು ಅಮ್ಮ ಚೀಲ ಎತ್ತಿಕೊಂಡಳು.

ಯಾರನ್ನೂ ಮುಟ್ಟದ ಪುಟ್ಟಿ ಬೆರಳು ಚಾಚಿ, ಮೀಸೆಯಿದ್ದ ಜಾಗವನ್ನು ಮೆಲ್ಲಗೆ ಸವರಿದಳು.

"ನೋವಾಗಲ್ಲ ಮಾಮ," ಎಂದಳು, ಥೇಟ್ ಅಮ್ಮನ ದನಿಯಲ್ಲಿ. "ಮತ್ತೆ ಬೆಳೆಯುತ್ತೆ."

ಆಮೇಲೆ ತಾನೇ ಕುರ್ಚಿ ಹತ್ತಿ ಕೂತಳು. ಅವಳ ತಲೆ ಒಂದಿಷ್ಟೂ ಅಲ್ಲಾಡಲಿಲ್ಲ. ಮಾಮ "ಕಚಕಚ" ಎನ್ನುತ್ತಾ ಕತ್ತರಿ ಆಡಿಸಿದ.