ಆಕಾಶ ಅಳದ ದಿನದ ಪಾಠ

ವಿಕ್ಟೋರಿಯಾ ಕಾಲದ ಇಂಗ್ಲಿಷ್ ಕಾದಂಬರಿಗಳ ಉಪಮೆ, ರೂಪಕ, ಸಂಕೇತಗಳನ್ನು ಮೂರು ದಶಕಗಳ ಕಾಲ ಬಿಡಿಸಿ ತೋರಿಸಿದ ನಮ್ಮ ವಿಭಾಗದ ಹಿರಿಯ ಪ್ರಾಧ್ಯಾಪಕಿಯವರು ಈ ವಾರ ನಿವೃತ್ತರಾಗುತ್ತಿದ್ದಾರೆ. ಅವರನ್ನು ಜ್ಞಾನಸಾಗರವೆಂದೋ ಹೆಮ್ಮರವೆಂದೋ ಕರೆಯುವ ಧೈರ್ಯ ನನಗಿಲ್ಲ. ಸವೆದ ಉಪಮೆ ಕಂಡರೆ ಅವರ ಕೆಂಪು ಪೆನ್ನು ಸುಮ್ಮನಿರದು. ಈ ಬೀಳ್ಕೊಡುಗೆಯ ಲೇಖನವನ್ನು ಬರೆದು ಹರಿದು, ಹರಿದು ಬರೆದು ಸಾಕಾಗಿದೆ. ಕೂತಲ್ಲಿ ಕೂರಲಾಗುತ್ತಿಲ್ಲ. ಇದಕ್ಕೆ ಕಾರಣ ಈ ಲೇಖನವಲ್ಲ: ಸೋಮವಾರದಿಂದ ಅವರ ತರಗತಿ ನನ್ನದು, ಮೊದಲ ದಿನವೇ ಪಠ್ಯದ ಕಾದಂಬರಿಯ ಬಿರುಗಾಳಿಯ ಅಧ್ಯಾಯ. ಅದನ್ನು ನಾನು ಇಂದಿಗೂ ಗಟ್ಟಿಯಾಗಿ ಓದಿದವಳಲ್ಲ.

ಸೇವೆಗೆ ಸೇರಿದ ಹೊಸದರಲ್ಲಿ ಮೆಟ್ಟಿಲ ಕೆಳಗಿನ ಇಕ್ಕಟ್ಟು ಕೋಣೆಯಲ್ಲಿ ಅವರು ರೂಢಿಸಿದ ಪದ್ಧತಿಯೊಂದಿದೆ. ಕಾದಂಬರಿಯಲ್ಲಿ ಮಂಜು ಕವಿದರೆ ಅದು ಯಾವುದರ ಸಂಕೇತವೆಂದು ಯಾರೂ ತಟ್ಟನೆ ಹೇಳಕೂಡದು. ಬೆಂಚುಗಳ ನಡುವೆ ಅತ್ತಿಂದಿತ್ತ ನಡೆಯುತ್ತ ಗದರುವರು: “ಮೊದಲು ಆ ಮಂಜಲ್ಲಿ ನಡೀರಿ. ಯಾರು ಎಡವಿದ್ರು, ಯಾರು ಕೆಮ್ಮಿದ್ರು ಹೇಳಿ. ಅರ್ಥ ಎಲ್ಲೂ ಓಡಿಹೋಗಲ್ಲ!”

ನಾನು ಅವರ ವಿದ್ಯಾರ್ಥಿನಿಯಾಗಿದ್ದಾಗ ಅಮ್ಮ ತೀರಿಕೊಂಡರು. ಮತ್ತೆ ತರಗತಿಗೆ ಬಂದ ದಿನ ನಡೆಯುತ್ತಿದ್ದುದು ಅದೇ ಬಿರುಗಾಳಿಯ ಅಧ್ಯಾಯ: ನಾಯಕನ ತಾಯಿ ಸಾಯುತ್ತಾಳೆ, ಆಕಾಶವೇ ಹರಿದಂತೆ ಮಳೆ. ನಾನು ಎದ್ದು ನಿಂತೆ.

“ಇದೆಲ್ಲ ಬರೀ ಬೊಗಳೆ ಮೇಡಂ. ನಮ್ಮಮ್ಮ ಹೋದ ದಿನ ಚೆನ್ನಾಗಿ ಬಿಸಿಲಿತ್ತು. ಪಕ್ಕದ ಮನೆಯವರು ಬಟ್ಟೆ ಒಣಹಾಕ್ತಾ ಇದ್ರು.”

ಪಾಠದ ನಡುವೆ ಎಂದೂ ಕೂರದ ಅವರು ಬಂದು ನನ್ನ ಪಕ್ಕದಲ್ಲಿ ಕೂತರು.

“ಆಕಾಶದ ಮೇಲೆ ಸಿಟ್ಟು ಬಂತಾ?”

“ಬಂತು.”

“ಬರೆದವರಿಗೂ ಬಂದಿರುತ್ತೆ ಕಣಮ್ಮ. ನಿಜವಾದ ಆಕಾಶ ಅವರ ಮಾತು ಕೇಳಲಿಲ್ಲ. ಅದಕ್ಕೇ ಕಾಗದದ ಮೇಲೆ ಮಳೆ ತರಿಸಿದ್ರು.”

ಅಮ್ಮ ಹೋದ ಮೇಲೆ ನಾನು ಮೊದಲ ಸಲ ಅತ್ತದ್ದು ಆಗ.

ಮುಂದೆ ನಾನು ಅವರ ಸಹೋದ್ಯೋಗಿಯಾಗಿ ಆ ಕಾದಂಬರಿಯ ಪಾಠವನ್ನು ಅವರೊಂದಿಗೆ ಹಂಚಿಕೊಂಡೆ. ಪ್ರತಿ ವರ್ಷ ಆ ಅಧ್ಯಾಯ ಬಂದಾಗಲೂ “ಅದು ನನಗಿರಲಿ, ನೀನು ಕಾಫಿ ಕುಡ್ಕೊಂಡು ಬಾ” ಎಂದು ನನ್ನನ್ನು ಪಾರುಮಾಡುತ್ತಿದ್ದರು. ಮೊನ್ನೆ ಪುಸ್ತಕ ಕೈಗಿತ್ತು, “ಇನ್ಮೇಲೆ ಕಾಫಿ ನನಗೆ” ಎಂದರು.

“ನನ್ ಕೈಲಾಗಲ್ಲ ಮೇಡಂ.”

“ಅಳು ಬಂದ್ರೆ ನಿಲ್ಲಿಸು, ಆಮೇಲೆ ಓದು. ಮಕ್ಕಳೇನು ಹುಲಿನಾ, ಕರಡಿನಾ?”

ಅವರು ನೂರು ಕಾಲ ಬಾಳಲಿ. ಅವರು ಬರೆಯುತ್ತ ಅರ್ಧಕ್ಕೆ ನಿಲ್ಲಿಸಿರುವ ಪುಸ್ತಕ ಮುಗಿಯಲಿ. ಕೆಂಪು ಪೆನ್ನು ಒಣಗದಿರಲಿ. ಮೇಡಂ, ಒಂದೇ ಕೋರಿಕೆ. ಸೋಮವಾರ ಕಾಫಿ ಕುಡಿದವರೇ ಕೊನೆಯ ಬೆಂಚಿಗೆ ಬಂದುಬಿಡಿ. ಹೊರಗೆ ಎಂಥ ಬಿಸಿಲಿದ್ದರೂ ಸರಿ, ಅಂದು ಮಳೆ ನಾನು ತರಿಸುತ್ತೇನೆ.