ಛಲೋ ಸುದ್ದಿ ಕೆಡಿಸಿದ್ದು

ಮೂಡಲಗಿಯಲ್ಲಿ ನಮ್ಮ ಓಣಿಯವರೆಲ್ಲ ಸೇರಿ ಫೋನಿನಲ್ಲೊಂದು ಗುಂಪು ಮಾಡಿಕೊಂಡಿದ್ದಾರೆ. ನಿವೃತ್ತ ಮಾಸ್ತರರೊಬ್ಬರು ಅದರ ಯಜಮಾನರು. ಇವತ್ತು ಬೆಳಿಗ್ಗೆ ಅವರದೊಂದು ಅಪ್ಪಣೆ ಬಂತು. ಇನ್ನು ಮುಂದೆ ಪ್ರತಿಯೊಬ್ಬರೂ ದಿನಕ್ಕೊಂದು ಒಳ್ಳೆಯ ಸುದ್ದಿ ಹಾಕತಕ್ಕದ್ದು, ಕೆಟ್ಟ ಸುದ್ದಿ ಹಾಕಿದವರನ್ನು ಗುಂಪಿನಿಂದ ತೆಗೆಯಲಾಗುವುದು. ಅರ್ಧ ತಾಸಿನೊಳಗೆ ಹನ್ನೆರಡು ಗುಲಾಬಿ, ಮೂರು ಸೂರ್ಯೋದಯ, ಯಾರದೋ ಮೊಮ್ಮಗಳ ಅಂಕಪಟ್ಟಿ ಬಂದು ಬಿದ್ದವು. ಮೋಟರು ಸುಟ್ಟು ನಾಲ್ಕು ದಿನದಿಂದ ನಳಕ್ಕೆ ನೀರಿಲ್ಲ ಎಂದು ಬರೆದ ಕಿರಾಣಿ ಅಂಗಡಿಯ ಈರಣ್ಣನನ್ನು ತೆಗೆದುಹಾಕಿದರು. ನೀರು ಬರಲಿಲ್ಲ, ಆದರೆ ಗುಂಪು ಸ್ವಚ್ಛವಾಯಿತು.

ನನಗೆ ನಗು ಬಂತು. ಪೂರ್ತಿ ನಗಲಿಕ್ಕೂ ಆಗಲಿಲ್ಲ ಅನ್ನಿ. ಯಾಕೆಂದರೆ ಈ ಒಳ್ಳೆಯ ಸುದ್ದಿಯ ಕಸುಬನ್ನು ಒಂದು ಕಾಲಕ್ಕೆ ಪಗಾರ ತೆಗೆದುಕೊಂಡು ಮಾಡಿದವನು ನಾನೇ.

ಆಗ ಗೋಕಾಕದ ಒಂದು ವಾರಪತ್ರಿಕೆಯಲ್ಲಿದ್ದೆ. ನಾಲ್ಕೇ ಪುಟ, ಅದರಲ್ಲಿ ಎರಡೂವರೆ ಪುಟ ಜಾಹೀರಾತು. ಸಂಪಾದಕರನ್ನು ನಾವೆಲ್ಲ ಸಾವಕಾರ್ರು ಎನ್ನುತ್ತಿದ್ದೆವು. ಮೂಲತಃ ಬಟ್ಟೆ ಅಂಗಡಿಯವರು. ಅವರಿಗೆ ರಕ್ತದೊತ್ತಡ ಏರಿತೆಂದು ಡಾಕ್ಟರು, ಉಪ್ಪು ಬಿಡಿ, ಕೆಟ್ಟ ಸುದ್ದಿ ಓದುವುದನ್ನು ಬಿಡಿ ಎಂದರಂತೆ. ಉಪ್ಪು ಬಿಡುವುದು ಅವರ ಕೈಲಾಗಲಿಲ್ಲ. ಮರುದಿನ ನನ್ನನ್ನು ಕರೆದು ಹೇಳಿದರು: "ಕಡೀ ಪುಟದಾಗ ಒಂದ ಮೂಲಿ ಛಲೋ ಸುದ್ದಿಗೆ ಬಿಡೂನು. ಗೋಕಾಕ, ಮೂಡಲಗಿ, ಹುಕ್ಕೇರಿ, ಇಷ್ಟ ಊರ ಅಡ್ಡಾಡಿದ್ರ ವಾರಕ್ಕ ನಾಕು ಛಲೋ ಸುದ್ದಿ ಸಿಗೂದಿಲ್ಲೇನು?"

ಸಿಗುವುದಿಲ್ಲ ಎಂದು ಯಾರು ಹೇಳಿದರು? ಸುದ್ದಿಯ ಸುರಿಮಳೆಯೇ ಆಯಿತು. ಹುಕ್ಕೇರಿ ಕಡೆಯಿಂದ ಒಂದು ರಸ್ತೆಯ ಭೂಮಿಪೂಜೆಯ ಫೋಟೋ ಬಂತು. ಅದೇ ರಸ್ತೆಗೆ ಅದು ಮೂರನೆಯ ಪೂಜೆ. ಡಾಂಬರು ಮಾತ್ರ ಇನ್ನೂ ಮುಹೂರ್ತ ನೋಡುತ್ತಿತ್ತು. ಮೂಡಲಗಿಯ ಒಂದು ಸಂಘದವರು ರೋಗಿಗೆ ಹಣ್ಣು ಹಂಚಿದ ಚಿತ್ರ ಕಳಿಸಿದರು. ಬಾಳೆಹಣ್ಣು ಒಂದು, ಅದನ್ನು ಹಿಡಿದ ಕೈಗಳು ಎಂಟು. ರೋಗಿಯ ಮುಖ ಕೈಗಳ ಹಿಂದೆ ಎಲ್ಲೋ ಇತ್ತು. ಬಸ್‌ ನಿಲ್ದಾಣಕ್ಕೆ ಕಲ್ಲುಬೆಂಚು ಕೊಟ್ಟ ದಾನಿಯೊಬ್ಬರು ಅದರ ಮೇಲೆ ತಮ್ಮ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು ಕೊರೆಸಿ, ಯಾರಾದರೂ ಕುಳಿತರೆ ಹೆಸರು ಮುಚ್ಚುತ್ತದೆಂದು ಬೇಸರ ಮಾಡಿಕೊಳ್ಳುತ್ತಿದ್ದರು. ಇವೆಲ್ಲವನ್ನೂ ನಾನು ಭಕ್ತಿಯಿಂದ ಅಚ್ಚು ಹಾಕಿದೆ. ಸಾವಕಾರ್ರ ಒತ್ತಡ ಇಳಿಯಿತೋ ಇಲ್ಲವೋ, ಜಾಹೀರಾತು ಏರಿತು.

ಈ ನಡುವೆ ಪರಿಚಯವಾದವರು ಕಾಂಬಳೆ ಸಿಸ್ಟರ್. ಮಮದಾಪುರ, ನಾಗನೂರ ಕಡೆಯ ಊರುಗಳಲ್ಲಿ ಮನೆಮನೆ ತಿರುಗಿ ಬಸುರಿ ಬಾಣಂತಿಯರನ್ನು, ಕೂಸುಗಳನ್ನು ನೋಡಿಕೊಳ್ಳುತ್ತಿದ್ದ ನರ್ಸ್. ಮಂದಿಯ ಹೊಲದಲ್ಲಿ ದುಡಿದ ತಂದೆತಾಯಿಯ ಮಗಳು. ಓದಿ ಈ ನೌಕರಿಗೆ ಬಂದವರು. ಘಟಪ್ರಭಾದ ಅವರ ಮನೆಯಲ್ಲಿ ಬುದ್ಧನ ಪಟ ಶಾಂತವಾಗಿತ್ತು. ಸಿಸ್ಟರ್ ಅಷ್ಟು ಶಾಂತರಿರಲಿಲ್ಲ. ವಾರಕ್ಕೊಮ್ಮೆ ಅಲ್ಲಿಯ ರೈಲ್ವೆ ಸ್ಟೇಷನ್ ಎದುರಿನ ಚಹಾದಂಗಡಿಯಲ್ಲಿ ಭೇಟಿಯಾಗುತ್ತಿದ್ದರು. ನನ್ನ ಮೂಲೆಯನ್ನು ಓದಿ, "ಇದ್ರಾಗ ಛಲೋ ಆಗಿದ್ದು ಯಾರಿಗ್ರಿ?" ಎಂದು ಕೇಳಿದವರು ಅವರೊಬ್ಬರೇ.

"ಹಂಗಾದ್ರ ನೀವ ಒಂದ ಹೇಳ್ರಿ," ಎಂದೆ.

"ಮಮದಾಪುರದಾಗ ಒಬ್ಬಾಕಿ ಮುದುಕಿಗೆ ಕಣ್ಣಿನ ಆಪರೇಶನ್ ಆತು. ಪಟ್ಟಿ ಬಿಚ್ಚಿದ ಮ್ಯಾಲೆ ಸೊಸಿ ಮಾರಿ ನೋಡಿ, 'ಇಷ್ಟ ಛಲೋ ಅದಿಯೇನ? ಮೊದಲ ಕಂಡಿದ್ರ ಇಷ್ಟ ಬೈತಿದ್ದಿಲ್ಲ' ಅಂದಳು. ಇದು ಸುದ್ದಿ."

ನಾನು ನಕ್ಕುಬಿಟ್ಟೆ. ಫೋಟೋ ಇಲ್ಲ, ಹಾರವಿಲ್ಲ, ಗಣ್ಯರಿಲ್ಲ. ಇದೆಂಥ ಸುದ್ದಿ? ಹೆಸರಿಲ್ಲದೆ ನಾಲ್ಕು ಸಾಲು ಹಾಕಿದೆ. ಆ ವಾರ ಜನ ನಿಲ್ಲಿಸಿ ಮಾತಾಡಿಸಿದ್ದು ಆ ನಾಲ್ಕು ಸಾಲಿನ ಬಗ್ಗೆ. ನನಗೆ ರುಚಿ ಹತ್ತಿತು. ಮನುಷ್ಯನಿಗೆ ರುಚಿ ಹತ್ತಿದರೆ ಏನಾಗುತ್ತದೆ ಎನ್ನುವುದು ನಿಮಗೂ ಗೊತ್ತಿರಬೇಕು.

ಒಂದು ದಿನ ಸಿಸ್ಟರ್ ಚಹಾ ಕುಡಿಯುತ್ತ ನಾಗನೂರಿನ ಇಬ್ಬರು ಅಣ್ಣತಮ್ಮಂದಿರ ವಿಷಯ ಹೇಳಿದರು. ಅಣ್ಣ ಬಾಳಪ್ಪ, ತಮ್ಮ ಭೀಮಪ್ಪ. ಒಂದೇ ಅಂಗಳ, ನಡುವೆ ಎದೆಯೆತ್ತರದ ಗೋಡೆ. ಒಂಬತ್ತು ವರ್ಷದಿಂದ ಮಾತಿಲ್ಲ. ಕಾರಣ, ಭೀಮಪ್ಪನ ಮಗಳ ಲಗ್ನಪತ್ರಿಕೆಯಲ್ಲಿ ಬಾಳಪ್ಪನ ಹೆಸರು ಹುಡುಗಿಯ ಸೋದರಮಾವನ ಹೆಸರಿನ ಕೆಳಗೆ ಬಂದಿತ್ತು. ಅಂದಿನಿಂದ ಏನಾದರೂ ಹೇಳುವುದಿದ್ದರೆ ಇಬ್ಬರೂ ತಂತಮ್ಮ ಎಮ್ಮೆಗೆ ಹೇಳುತ್ತಿದ್ದರು. "ಗ್ವಾಡಿ ಮ್ಯಾಲೆ ಹಸಿ ಅರಬಿ ಒಣಾ ಹಾಕಬ್ಯಾಡ್ರಿ ಅಂತ ಹೇಳು" ಎಂದು ಒಂದು ಎಮ್ಮೆಗೆ ಅಪ್ಪಣೆಯಾದರೆ, "ಗ್ವಾಡಿ ಯಾರಪ್ಪಂದು ಅಂತ ಕೇಳು" ಎಂದು ಇನ್ನೊಂದಕ್ಕೆ. ಆ ಎಮ್ಮೆಗಳಷ್ಟು ತಾಳ್ಮೆಯ ಮಧ್ಯಸ್ಥರು ಯಾವ ಪಂಚಾಯಿತಿಯಲ್ಲೂ ಸಿಗಲಾರರು.

ಮೊನ್ನೆ ಭೀಮಪ್ಪನಿಗೆ ಜ್ವರ ಬಂದು ಮಲಗಿದ್ದಾಗ ಸಿಸ್ಟರ್ ಗುಳಿಗೆ ಕೊಡಲು ಹೋಗಿದ್ದಾರೆ. ಗೋಡೆಯ ಆಚೆಯಿಂದ ಬಾಳಪ್ಪನ ದನಿ ಬಂದಿದೆ: "ಏ ಭೀಮ್ಯಾ, ಜ್ವರ ಇಳದಾವೇನು?" ಎಮ್ಮೆಗಲ್ಲ, ನೇರ ತಮ್ಮನಿಗೆ. ಒಳಗಿನಿಂದ ಭೀಮಪ್ಪ, "ಹೂಂ," ಎಂದಿದ್ದಾನೆ. ಆಮೇಲೆ ಗೋಡೆಯ ಮೇಲಿಂದ ಒಂದು ಬಟ್ಟಲು ಗಂಜಿ ಬಂದಿದೆ. ಅಷ್ಟೇ.

"ಇದನ್ನ ಬರೀಬ್ಯಾಡ್ರಿ ಮತ್ತ," ಎಂದರು ಸಿಸ್ಟರ್. "ಸುಮ್ಮ ನಿಮಗ ಹೇಳೇನಿ. ಇನ್ನೂ ಹಸೀದೈತಿ."

ನಾನು ಹೂಂ ಎಂದು ತಲೆಯಾಡಿಸಿದೆ. ಗೋಕಾಕ ಮುಟ್ಟುವಷ್ಟರಲ್ಲಿ ಬಸ್ಸಿನಲ್ಲೇ ತಲೆಬರಹ ಸಿದ್ಧವಾಗಿತ್ತು: ಒಂಬತ್ತು ವರ್ಷದ ಹಗೆ ಕೊನೆ, ಅಣ್ಣನ ಕಾಲಿಗೆರಗಿದ ತಮ್ಮ. ಬರೀ ಗಂಜಿಯಿಂದ ಓದುಗರ ಕಣ್ಣು ತುಂಬುವುದಿಲ್ಲವೆಂದು ಕಾಲಿಗೆರಗುವುದನ್ನು ನಾನು ಸೇರಿಸಿದೆ. ಹಾಗೆಯೇ ಎರಡು ಹನಿ ಕಣ್ಣೀರನ್ನೂ. ಊರು, ಹೆಸರು ಎಲ್ಲ ಹಾಕಿದೆ. ಸಾವಕಾರ್ರು ಓದಿ ಮೂಗು ಒರೆಸಿಕೊಂಡರು. ನನ್ನ ಬರವಣಿಗೆಗೆ ಸಿಕ್ಕ ಅತಿ ದೊಡ್ಡ ಪ್ರಶಸ್ತಿ ಅದೇ.

ಮುಂದಿನ ವಾರ ಚಹಾದಂಗಡಿಯಲ್ಲಿ ಸಿಸ್ಟರ್ ಕೂಡಲಿಲ್ಲ. ನಿಂತೇ ಮಾತಾಡಿದರು.

ಪತ್ರಿಕೆ ನಾಗನೂರಿಗೆ ಹೋಗಿತ್ತು. ಬಾಳಪ್ಪ ಅದನ್ನು ಮಡಚಿ ಅಂಗಿಯ ಕಿಸೆಯಲ್ಲಿಟ್ಟುಕೊಂಡು ಕಂಡಕಂಡವರಿಗೆ ತೋರಿಸುತ್ತಿದ್ದ. ಭೀಮಪ್ಪ, "ನಾ ಯಾವಾಗ ಇವನ ಕಾಲಿಗೆ ಬಿದ್ದೇನಿ?" ಎಂದು ಕೂಗಾಡಿ, ಗಂಜಿಯ ಬಟ್ಟಲನ್ನು ತಿಕ್ಕಿ ತೊಳೆದು ಅಣ್ಣನ ಹೊಸ್ತಿಲ ಮೇಲಿಟ್ಟು ಬಂದು, ಗೋಡೆಗೆ ಇನ್ನೆರಡು ಸಾಲು ಇಟ್ಟಿಗೆ ಏರಿಸಿದ್ದ. ಈಗ ಎಮ್ಮೆಗಳಿಗೂ ಕೆಲಸವಿಲ್ಲ.

"ಅದಷ್ಟ ಆಗಿದ್ರ ನಾ ನಿಮ್ಮ ಮಾರಿ ನೋಡಾಕೂ ಬರತಿದ್ದಿಲ್ಲ," ಎಂದರು ಸಿಸ್ಟರ್. "ಈಗ ಯಾರ ಮನಿಗೆ ಹ್ವಾದ್ರೂ, ಸಿಸ್ಟರ್ ಮುಂದ ಮಾತಾಡಬ್ಯಾಡ್ರಿ, ಪೇಪರ್‌ನ್ಯಾಗ ಬರ್ತೈತಿ ಅನ್ನಾಕತ್ತಾರ. ಮಮದಾಪುರದಾಗ ಒಬ್ಬಾಕಿ ಬಸುರಿ, ಕಾಲು ಬಾತಾವು, ಸೀರಿ ಎಳದು ಮುಚ್ಚಿಕೊಂಡ್ಳು. ಏನೂ ಇಲ್ಲಂದ್ಳು. ನಾ ಕೈ ಹಿಡದ ಕೂತು ಕೇಳಿದ್ಕ ತೋರಿಸಿದ್ಳು. ಕೇಳದ ಹೊಳ್ಳಿ ಬಂದಿದ್ರ? ನನ್ನ ಕೆಲಸಾನ ಬಾಯಿಮಾತಿನ ಮ್ಯಾಲೆ ನಡೀತೈತಿ ಸರ. ಅದನ್ನ ಕೆಡಿಸಿದ್ರಿ."

ತಪ್ಪಾಯಿತು ಎಂದೆ.

"ನನಗ ಯಾಕ ಹೇಳ್ತೀರಿ? ಬರದವ್ರು ನೀವು. ಬಂದು ಅಲ್ಲೇ ಹೇಳ್ರಿ."

ರವಿವಾರ ಬೆಳಿಗ್ಗೆ ನಾಗನೂರಿಗೆ ಹೋದೆವು. ಸಿಸ್ಟರ್ ನನ್ನನ್ನು ಆ ಗೋಡೆಯ ತುದಿಯಲ್ಲಿ, ಎರಡೂ ಮನೆಗೆ ಕಾಣುವ ಹಾಗೆ ನಿಲ್ಲಿಸಿ ಇಬ್ಬರನ್ನೂ ಕರೆದರು. ಭೀಮಪ್ಪ ಇನ್ನೂ ಸೊರಗಿದ್ದ. ಬಾಳಪ್ಪನ ಕಿಸೆಯಲ್ಲಿ ಪತ್ರಿಕೆಯ ಮೂಲೆ ಕಾಣುತ್ತಿತ್ತು. ಓಣಿಯ ಹೆಂಗಸರು ಕೊಡ ಇಳಿಸಿ ನಿಂತರು. ನಾನು ದಾರಿಯುದ್ದಕ್ಕೂ ಒಂದು ಭಾಷಣ ತಯಾರು ಮಾಡಿದ್ದೆ. ಅದರ ಒಂದು ಅಕ್ಷರವೂ ನೆನಪಾಗಲಿಲ್ಲ.

"ಭೀಮಪ್ಪನವರು ಯಾರ ಕಾಲಿಗೂ ಬಿದ್ದಿಲ್ರಿ. ಅದನ್ನ ನಾನ ಹುಟ್ಟಿಸಿ ಬರದೇನಿ. ಸಿಸ್ಟರ್ ಬರೀಬ್ಯಾಡ ಅಂದಿದ್ರು. ಅವರ ಮಾತ ಮೀರಿದೆ."

ಬಾಳಪ್ಪ ನಿಧಾನಕ್ಕೆ ಪತ್ರಿಕೆಯನ್ನು ಕಿಸೆಯಿಂದ ತೆಗೆದ. ಹರಿದು ನನ್ನ ಮುಖಕ್ಕೆ ಎಸೆಯುತ್ತಾನೆಂದುಕೊಂಡೆ. ಅವನು ಅದನ್ನೇ ನೋಡುತ್ತ ಹೇಳಿದ: "ನನಗೂ ಗೊತ್ತಿತ್ತ ಬಿಡ್ರಿ, ಅಂವ ಬಿದ್ದಿಲ್ಲಂತ. ಬಿದ್ದಿದ್ರ ಛಲೋ ಇತ್ತು ಅನಿಸ್ತು. ಅದಕ್ಕ ಹಿಡಕೊಂಡ ತಿರಗಿದೆ."

ಭೀಮಪ್ಪ ಅಣ್ಣನ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿದ. "ಸಾಲಿ ಕಲತವ್ರು ಹಿಂಗ ಮಾಡ್ತಾರೇನ್ರಿ? ಗಂಜಿ ಕೊಟ್ಟಿದ್ದ ನಿಮಗ ಸಣ್ಣದಾತೇನು?"

"ಅದನ್ನ ಕೇಳು," ಎಂದ ಬಾಳಪ್ಪ.

"ಕಣ್ಣೀರ ಬ್ಯಾರೆ ಹಾಕಿಸ್ಯಾನ ನನ್ನ ಕಡಿಂದ. ಓದೀಯೇನಣ್ಣಾ?"

"ಓದೇನಿ, ಓದೇನಿ. ನಿನ್ನ ಕಣ್ಣಾಗ ನೀರು? ಅವ್ವ ಸತ್ತಾಗೂ ನಾ ಕಂಡಿಲ್ಲ."

ನಾನು ಏನೋ ಹೇಳಲು ಬಾಯಿ ತೆರೆದೆ. ಸಿಸ್ಟರ್ ನನ್ನ ಕಾಲು ತುಳಿದರು. ಆಮೇಲೆ ಹತ್ತು ನಿಮಿಷ ಅಣ್ಣತಮ್ಮಂದಿರು ಸರದಿಯ ಮೇಲೆ ನನ್ನನ್ನು ಬೈದರು. ಒಬ್ಬ ಮರೆತದ್ದನ್ನು ಇನ್ನೊಬ್ಬ ನೆನಪಿಸಿದ. ಅಷ್ಟು ಒಮ್ಮತದಿಂದ ಯಾರೂ ನನ್ನನ್ನು ಬೈದಿರಲಿಲ್ಲ. ಭೀಮಪ್ಪನ ಮನೆಯೊಳಗಿನಿಂದ ಸಿಸ್ಟರಿಗೆ ಚಹಾ ಬಂತು, ನನಗೆ ಬರಲಿಲ್ಲ. ಕೊನೆಗೆ ಬಾಳಪ್ಪನೇ, "ಅವಗೂ ಒಂದ ಕಪ್ಪ ಕೊಡವಾ, ಬಿಸಲಾಗ ಬಂದಾನ," ಎಂದು ತಮ್ಮನ ಹೆಂಡತಿಗೆ ಹೇಳಿದ.

ಎಲ್ಲವೂ ಸರಿಹೋಯಿತು ಎಂದು ಬರೆಯಲು ಕೈ ತುರಿಸುತ್ತದೆ. ಹಾಗೇನೂ ಆಗಲಿಲ್ಲ. ಅಣ್ಣತಮ್ಮಂದಿರ ನಡುವೆ ಮಾತು ಉಳಿಯಿತು, ಏರಿಸಿದ ಇಟ್ಟಿಗೆಯೂ ಉಳಿಯಿತು. ಮಮದಾಪುರದ ಹೆಣ್ಣುಮಕ್ಕಳು ಸಿಸ್ಟರಿಗೆ ಮೊದಲಿನಂತೆ ಬಾಯಿ ಬಿಡಲು ಆ ಮಳೆಗಾಲ ಪೂರ್ತಿ ಹಿಡಿಯಿತು. ಕಾಲು ಬಾತಿದ್ದ ಹೆಣ್ಣುಮಗಳು ಘಟಪ್ರಭಾದಲ್ಲಿ ಗಂಡುಕೂಸು ಹಡೆದಳಂತೆ. ಅದು ನನಗೆ ಗೊತ್ತಾದದ್ದು ಬೇರೆಯವರಿಂದ. ನಾನು ಬರೆದ ತಿದ್ದುಪಡಿ ನೋಡಿ ಸಾವಕಾರ್ರು, "ಛಲೋ ಸುದ್ದಿ ಮೂಲ್ಯಾಗ ತಪ್ಪೊಪ್ಪಿಗಿ ಯಾರ ಓದ್ತಾರ?" ಎಂದು ಅದನ್ನು ಸೀರೆಯ ಜಾಹೀರಾತಿನ ಕೆಳಗೆ ಇರುವೆ ಅಕ್ಷರದಲ್ಲಿ ಹಾಕಿದರು. ಸಿಸ್ಟರ್ ಓದಿದ್ದರು. "ಹೆಸರಿಲ್ಲ, ಊರಿಲ್ಲ. ಈಗ ಬರ್ಯಾಕ ಕಲತ್ರಿ," ಎಂದರು. ಆದರೆ ಮತ್ತೆಂದೂ ನನಗೊಂದು ಸುದ್ದಿ ಕೊಡಲಿಲ್ಲ. ಚಹಾದಂಗಡಿಯಲ್ಲಿ ಸಿಕ್ಕಾಗ, ಏನ್ ವಿಶೇಷ ಎಂದು ಕೇಳಿದರೆ, "ಎಲ್ಲಾ ಛಲೋ ಐತಿ," ಎನ್ನುತ್ತಿದ್ದರು. ಬಾಗಿಲು ಮುಚ್ಚಿದ ಸದ್ದು ಅಷ್ಟು ಮೆತ್ತಗಿರಬಹುದೆಂದು ನನಗೆ ಗೊತ್ತಿರಲಿಲ್ಲ.

ಈಗ್ಗೆ ಮೂರು ತಿಂಗಳ ಹಿಂದೆ ನನ್ನ ಹೆಂಡತಿ ಸುಮಿತ್ರಾ ಬಚ್ಚಲಲ್ಲಿ ಜಾರಿಬಿದ್ದು ಬಲಭುಜ ಮುರಿದುಕೊಂಡಳು. ಎಲುಬು ಕೂಡಿತು, ಕೈ ಮಾತ್ರ ಕಿವಿಯ ಮೇಲೆ ಏರುತ್ತಿರಲಿಲ್ಲ. ವಾರಕ್ಕೆರಡು ಸಲ ಬಸ್ಸು ಹಿಡಿದು ಘಟಪ್ರಭಾದ ಆಸ್ಪತ್ರೆಗೆ ಹೋಗಿ ವ್ಯಾಯಾಮ ಮಾಡಿಸಿಕೊಂಡು ಬರುತ್ತೇವೆ. ಅಷ್ಟು ದಿನವೂ ಅವಳ ತಲೆ ಬಾಚಿದವನು ನಾನು. ನನ್ನ ಬೈತಲೆ ಹುಕ್ಕೇರಿಗೆ ಹೊರಟು ಗೋಕಾಕ ಸೇರುತ್ತಿತ್ತು. ಕನ್ನಡಿ ನೋಡಿ ಅವಳು ಏನೂ ಅನ್ನುತ್ತಿರಲಿಲ್ಲ. ಅದೇ ನನಗೆ ಹೆದರಿಕೆ. ನಲವತ್ತು ವರ್ಷ ನನ್ನ ತಪ್ಪು ಎತ್ತಿ ಆಡಿದವಳು ಸುಮ್ಮನಾಗಿಬಿಟ್ಟಿದ್ದಳು.

ಇವತ್ತು ಫೋನು ಕೆಳಗಿಟ್ಟು ಒಳಗೆ ಹೋದೆ. ಅವಳು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ಬಲಗೈ ಮೇಲೇರುತ್ತಿತ್ತು. ಕಿವಿಯ ಹತ್ತಿರ ನಿಂತಿತು, ನಡುಗಿತು, ಮತ್ತೆ ಏರಿ ಹಿಂದಕ್ಕೆ ಹೋಯಿತು. ಎರಡೂ ಕೈ ಕೂಡಿ ಒಂದು ಸೊಟ್ಟ ತುರುಬು ಕಟ್ಟಿದವು. ಮಗನಿಗೆ ಫೋನು ಮಾಡಬೇಕು, ಓಣಿಗೆಲ್ಲ ಕೂಗಿ ಹೇಳಬೇಕು ಅನಿಸಿತು. ಬಾಯಿ ಬಿಗಿಹಿಡಿದು ಚೌಕಟ್ಟಿಗೆ ಒರಗಿ ನಿಂತೆ. ನಿಮಗೊಬ್ಬರಿಗೆ ಹೇಳುತ್ತಿದ್ದೇನೆ, ನಾನು ಬರೆದದ್ದನ್ನು ಅವಳು ಓದುವುದಿಲ್ಲ ಎನ್ನುವ ಧೈರ್ಯದ ಮೇಲೆ.

ಅವಳು ತಿರುಗದೆಯೇ ಕೇಳಿದಳು: "ಏನ್ರೀ, ಪೇಪರ್‌ನವರ ಹಂಗ ಬಾಗಲದಾಗ ನಿಂತೀರಿ? ಒಲಿ ಮ್ಯಾಲೆ ಹಾಲ ಉಕ್ಕಾಕತ್ತೈತಿ, ವಾಸನಿ ಬರಾಂಗಿಲ್ಲೇನು ನಿಮಗ?"

ಬೈಗುಳ ಕೇಳಿ ಮೂರು ತಿಂಗಳಾಗಿತ್ತು. ಓಡಿಹೋಗಿ ಒಲೆ ಆರಿಸಿದೆ.