ಹಳಿ ಹೋದ ಮೇಲಿನ ಮೋರಿ

ಮೂವತ್ತು ವರ್ಷ ರೈಲು ಹಳಿಯ ಮೇಲೆ ಸುತ್ತಿಗೆ ಹಿಡಿದು ಅವರ ಬಲಗೈ ಬೆರಳು ಪೂರಾ ಬಿಚ್ಚುತ್ತಿರಲಿಲ್ಲ. ಹಣೆಯ ವಿಭೂತಿಯ ಮೂರೂ ಗೆರೆ ಯಾವಾಗಲೂ ಸೊಟ್ಟ. ಓಣಿಗೆಲ್ಲ ಅವರು ಗ್ಯಾಂಗ್‌ಮನ್ ಕಾಕಾ.

ಇಲ್ಲಿ ಗೋವಾದಲ್ಲಿ ನಮ್ಮ ಮನೆಗಳ ಬೆನ್ನಿಗಿರುವ ಮಣ್ಣಿನ ದಿಬ್ಬದ ಮೇಲೆ ಹಿಂದೆ ಸಣ್ಣ ರೈಲು ಓಡುತ್ತಿತ್ತಂತೆ. ದೊಡ್ಡ ಲೈನಿನಿಂದ ಕವಲೊಡೆದು ಹೊಳೆಯಲ್ಲಿ ದೋಣಿ ನಿಲ್ಲುವ ಧಕ್ಕೆಯತನಕ, ದಿನಕ್ಕೆ ಎರಡು ಸಲ. ಬಸ್ಸು ಬಂದ ಮೇಲೆ ಮೀನಿನ ಬುಟ್ಟಿಯ ಹೆಂಗಸರನ್ನು ಬಿಟ್ಟರೆ ಹತ್ತುವವರಿಲ್ಲ. ಗಾಡಿ ನಿಂತಿತು, ಹಳಿ ಕಿತ್ತುಕೊಂಡು ಹೋದರು. ಧಾರವಾಡದ ಕಡೆಯಿಂದ ಬಂದು ಆ ಲೈನಿನಲ್ಲೇ ಮುದುಕರಾದ ಕಾಕಾ ಮಾತ್ರ ಊರಿಗೆ ಮರಳದೆ ದಿಬ್ಬದ ಮಗ್ಗುಲಲ್ಲಿ ಒಂದು ಖೋಲಿ ಕಟ್ಟಿಕೊಂಡರು. ದಿನಾ ಬೆಳಿಗ್ಗೆ ಹಳಿಯಿಲ್ಲದ ದಿಬ್ಬದ ಮೇಲೆ ತಲೆ ತಗ್ಗಿಸಿ ನಡೆದು ಬರುವರು. ಏನು ಹುಡುಕ್ತೀರಿ ಎಂದು ನನ್ನ ಗಂಡ ಚೇಷ್ಟೆ ಮಾಡಿದರೆ, ಸಡಿಲಾದದ್ದು ನೋಡ್ತೀನೋ ತಮ್ಮಾ, ಸಿಕ್ಕರ ನಿನ್ನ ತಲಿ ಸೈತ ಬಿಗೀತೀನಿ ಅನ್ನುವರು.

ನಾವು ಬಂದ ಮೊದಲ ಎರಡು ಮಳೆಗಾಲವೂ ಮನೆಗೆ ನೀರು ನುಗ್ಗಿತು. ಗೋವಾದ ಮಳೆಯೇ ಹೀಗೆ ಎಂದುಕೊಂಡೆವು. ಹಾಸಿಗೆ ಹೋಯಿತು, ಗ್ಯಾಸು ಉಳಿಯಿತು. ಶಿವನ ದಯೆ ಎಂದೆ. ಮೂರನೆಯ ವರ್ಷ ಒಂದು ಮಧ್ಯಾಹ್ನ ನೀರು ಮೊಣಕಾಲಿಗೆ ಬಂತು. ಗಂಡ ಬಂದರಿನ ಕೆಲಸಕ್ಕೆ ಹೋಗಿದ್ದರು. ಪಾರ್ಶ್ವವಾಯು ಬಡಿದ ಅತ್ತೆ ಮಂಚದ ಮೇಲೆ. ನೀರು ಹಲಗೆಗೆ ನಾಲ್ಕೇ ಬೆರಳು ಕೆಳಗೆ. ಕೂಗಿದೆ. ಕಾಕಾ ಬಂದರು. ಇಬ್ಬರೂ ಸೇರಿ ಅತ್ತೆಯನ್ನು ಎತ್ತಲು ನೋಡಿದೆವು, ಆಗಲಿಲ್ಲ.

"ಈ ನೀರು ಕಟ್ಟಿದಾಂವ ನಾನ ಯವ್ವಾ," ಅಂದರು. "ದಿಬ್ಬದ ಬುಡಕ ನೀರು ದಾಟೂ ಮೋರಿ ಐತಿ. ಗಾಡಿನ ಬರೂದಿಲ್ಲ, ಮೋರಿ ಯಾರಿಗೆ ಬೇಕು ಅಂತ ಅದರ ಬಾಯಿಗೆ ಕಲ್ಲು ತುಂಬಿ ಮ್ಯಾಲ ಖೋಲಿ ಕಟ್ಟೀನಿ. ಹ್ವಾದ ವರ್ಷನ ತಿಳೀತು. ಇರೂದೊಂದ ಖೋಲಿ, ಹೇಳಾಕ ಬಾಯಿ ಬರಲಿಲ್ಲ."

ಗಾಡಿ ಓಡುವಾಗ ಪ್ರತಿ ವರ್ಷ ಮಳೆಗೆ ಮುಂಚೆ ಅದೇ ಮೋರಿಯ ಹೂಳು ತೆಗೆದವರು ಅವರು. ಆದರೆ ಅವರ ಮನಸ್ಸಿನಲ್ಲಿ ಮೋರಿ ಇದ್ದದ್ದು ರೈಲಿಗಾಗಿ. ಹಳಿಯ ಜೊತೆ ನೀರೂ ಹೋಯಿತು ಎಂದುಕೊಂಡಿದ್ದರು. ನನಗೆ ಸಿಟ್ಟು ಬರಬೇಕಿತ್ತು. ಪುರುಸೊತ್ತಿರಲಿಲ್ಲ.

ಹಾರೆ ತೆಗೆದುಕೊಂಡು ಹೋಗಿ ತಮ್ಮ ಗೋಡೆಯನ್ನೇ ಕೆಡವತೊಡಗಿದರು. ಓಣಿಯ ಹೆಂಗಸರೆಲ್ಲ ಕಲ್ಲು ಎಳೆದು ಹಾಕಿದೆವು. ದೇವರ ಜಗಲಿಯಿದ್ದ ಗೋಡೆ ಬಂದಾಗ ನಾನು ತಡೆದೆ. ಲಿಂಗ ಕೊರಳಾಗ ಐತಿ, ಗ್ವಾಡಿ ಹ್ವಾದ್ರ ಹೋಗಲಿ ಎಂದರು. ಬುಡದ ಕಲ್ಲು ಸರಿದೊಡನೆ ನೀರು ಸುಳಿ ತಿರುಗಿ ಆಚೆಯ ಗದ್ದೆಗೆ ಹರಿಯಿತು. ಅತ್ತೆಯ ಕೌದಿಯ ಅಂಚಷ್ಟೇ ತೊಯ್ದಿತ್ತು.

ಆಮೇಲೆ ನಾಲ್ಕು ವರ್ಷ ಅವರು ನಮ್ಮ ಪಡಸಾಲೆಯಲ್ಲೇ ಇದ್ದರು. ಮಾಡಿದ ರೊಟ್ಟಿ ತಿಂದರು, ಉಪ್ಪು ಕಡಿಮೆ ಎಂದು ಒಂದು ದಿನವೂ ಅನ್ನಲಿಲ್ಲ. ಕಳೆದ ಬೇಸಿಗೆಯಲ್ಲಿ, ಬೆಳಗಿನ ಪೂಜೆ ಮುಗಿಸಿ ಗೋಡೆಗೆ ಒರಗಿದವರು ಏಳಲಿಲ್ಲ. ನರಳದೆ ಹೋದರು, ಅಷ್ಟು ಪುಣ್ಯ.

ಈಗ ಮೋರಿಯ ಹೂಳು ತೆಗೆಯುವವಳು ನಾನು. ಸೊಂಟ ಸೋತಿದೆ. ಮೊನ್ನೆ ಹೊಸದಾಗಿ ಬಂದ ಸಂಸಾರವೊಂದು ಕಾಕಾ ಅವರ ಖೋಲಿಯಿದ್ದಲ್ಲಿ ನಿಂತು, ಈ ಜಾಗ ಖಾಲಿ ಐತೇನ್ರಿ ಅಕ್ಕಾರ, ಒಂದು ಖೋಲಿ ಹಾಕ್ಕೋತೀವಿ ಎಂದು ಕೇಳಿತು. ಸಲಿಕೆ ಊರಿ ನೆಟ್ಟಗೆ ನಿಂತೆ.

"ಖಾಲಿ ಇಲ್ರಿ," ಅಂದೆ. "ನೀರು ಅಡ್ಡಾಡತೈತಿ."